ಮೆದುಳಿನ ರಕ್ತನಾಳದ ತೊಂದರೆ: ಬಸಿರು ಮತ್ತು ಹೆರಿಗೆ



"ಸಿಸ್ಟರ್, ನನ್ನ ಸೊಸೆಯ ತಲೆಯ ನರದಲ್ಲಿ ಗಂಟಿದೆ ಅಂತ ಸ್ಕ್ಯಾನಿಂಗ್‌ನಲ್ಲಿ ಬಂದಿದೆ. ಅವಳು ಹಡೆಯಬಹುದೇ?" ಎಂದು ಒಬ್ಬ ತಾಯಿ ನನ್ನನ್ನು ಕೇಳಿದರು. ಸೊಸೆ ಪಕ್ಕದಲ್ಲೇ ತಲೆ ತಗ್ಗಿಸಿ ನಿಂತಿದ್ದಳು. ಇಂದಿನ ಮಾತು ಅವರಿಬ್ಬರಿಗೂ ಸೇರಿದ್ದು.

ಮೊದಲು ತೊಂದರೆ ಏನೆಂದು ತಿಳಿಯೋಣ. ಅಪಧಮನಿಯಲ್ಲಿ ಜೋರಾಗಿ ಬರುವ ರಕ್ತ ಕೂದಲಿಗಿಂತ ಸಣ್ಣ ನಾಳಗಳಲ್ಲಿ ಹಂಚಿಹೋಗಿ, ನಿಧಾನವಾಗಿ ಅಭಿಧಮನಿಯನ್ನು ಸೇರಬೇಕು. ಕೆಲವರಲ್ಲಿ ಈ ಸಣ್ಣ ನಾಳಗಳಿಲ್ಲದೆ ಎರಡೂ ನೇರವಾಗಿ ಗೋಜಲಾಗಿ ಕೂಡಿಕೊಂಡಿರುತ್ತವೆ. ಇದೇ ಎ.ವಿ.ಎಂ. ಇನ್ನು ಕೆಲವರಲ್ಲಿ ನಾಳದ ಗೋಡೆ ತೆಳುವಾಗಿ ಬಲೂನಿನಂತೆ ಉಬ್ಬಿರುತ್ತದೆ. ಇದು ಅನ್ಯೂರಿಸಂ. ಇವು ಕ್ಯಾನ್ಸರ್ ಅಲ್ಲ, ಯಾರ ಪಾಪದ ಫಲವೂ ಅಲ್ಲ.

ನಾಳ ಒಡೆದು ಮೆದುಳಿನಲ್ಲಿ ರಕ್ತಸ್ರಾವವಾದರೆ ಅಪಾಯ. ಚಿಕಿತ್ಸೆಯಾಗದ ಎ.ವಿ.ಎಂ. ಇರುವ 100 ಜನರಲ್ಲಿ ವರ್ಷಕ್ಕೆ ಸುಮಾರು 2ರಿಂದ 4 ಮಂದಿಗೆ ಹೀಗಾಗಬಹುದು. ಹಿಂದೆ ಒಮ್ಮೆ ಒಡೆದಿದ್ದರೆ ಭಯ ಹೆಚ್ಚು. ಬಸಿರಿನಲ್ಲಿ ದೇಹದ ರಕ್ತ ಶೇ. 40ರಿಂದ 50ರಷ್ಟು ಹೆಚ್ಚುವುದರಿಂದ ಎಚ್ಚರ ಬೇಕು. ಆದರೆ "ಮಗುವೇ ಬೇಡ" ಎಂದು ಎಲ್ಲರಿಗೂ ಹೇಳುವುದಿಲ್ಲ. ಇಂಥ ಎಷ್ಟೋ ತಾಯಂದಿರು ಸುಖವಾಗಿ ಹೆತ್ತಿದ್ದಾರೆ.

ನೀವು ಮಾಡಬೇಕಾದದ್ದು:

1. ಬಸಿರಾಗುವ ಮೊದಲೇ ನರಶಸ್ತ್ರಚಿಕಿತ್ಸಕರನ್ನೂ ಹೆರಿಗೆ ವೈದ್ಯರನ್ನೂ ಕಾಣಿರಿ. ನಾಳಕ್ಕೆ ಚಿಕಿತ್ಸೆ ಬೇಕಿದ್ದರೆ ಮೊದಲೇ ಮುಗಿಸುವುದು ಒಳ್ಳೆಯದು.

2. ಈಗಾಗಲೇ ಬಸಿರಾಗಿದ್ದರೆ ಹಳೆಯ ಸ್ಕ್ಯಾನ್ ವರದಿ ತೋರಿಸಿರಿ. ಅತ್ತೆಮನೆಯವರಿಗೆ ಹೆದರಿ ಮುಚ್ಚಿಡಬೇಡಿರಿ.

3. ಫಿಟ್ಸ್ ಮಾತ್ರೆಯನ್ನು ನೀವಾಗಿಯೇ ನಿಲ್ಲಿಸಬೇಡಿರಿ. ಬದಲಾಯಿಸಬೇಕಿದ್ದರೆ ವೈದ್ಯರೇ ಬದಲಾಯಿಸುತ್ತಾರೆ.

4. ಪ್ರತಿ ಭೇಟಿಯಲ್ಲೂ ಬಿ.ಪಿ. ನೋಡಿಸಿರಿ. ತಂಬಾಕು ಬೇಡವೇ ಬೇಡ.

ಹೆರಿಗೆಗೆ ಎಲ್ಲರಿಗೂ ಆಪರೇಷನ್ ಬೇಕಿಲ್ಲ. ನೋವು ತಗ್ಗಿಸಲು ಬೆನ್ನಿಗೆ ಇಂಜೆಕ್ಷನ್ ಕೊಟ್ಟು, ತಾಯಿ ಬಹಳ ಹೊತ್ತು ಮುಕ್ಕದಂತೆ ಸಾಧನಗಳಿಂದ ಮಗುವನ್ನು ತೆಗೆಯುವುದುಂಟು. ಯಾವ ದಾರಿ ಎಂಬುದನ್ನು ವೈದ್ಯರು ಸ್ಕ್ಯಾನ್ ನೋಡಿ ನಿರ್ಧರಿಸುತ್ತಾರೆ. ನರಶಸ್ತ್ರಚಿಕಿತ್ಸೆಯ ಸೌಲಭ್ಯವಿರುವ ಆಸ್ಪತ್ರೆಯನ್ನು ಮೊದಲೇ ಗೊತ್ತುಮಾಡಿಕೊಳ್ಳಿರಿ.

ಸಿಡಿಲು ಬಡಿದಂಥ ತಲೆನೋವು, ವಾಂತಿ, ಫಿಟ್ಸ್, ಒಂದು ಕೈಕಾಲು ಸೋಲುವುದು, ಮಾತು ತೊದಲುವುದು, ಕಣ್ಣು ಮಂಜಾಗುವುದು ಕಂಡರೆ ಬೆಳಗಾಗಲೆಂದು ಕಾಯಬೇಡಿರಿ. ತಕ್ಷಣ 108ಕ್ಕೆ ಫೋನ್ ಮಾಡಿರಿ. ಫಿಟ್ಸ್ ಬಂದಾಗ ಎಡಮಗ್ಗುಲಿಗೆ ಮಲಗಿಸಿರಿ. ಬಾಯಿಗೆ ನೀರು ಹಾಕಬೇಡಿರಿ, ಕಬ್ಬಿಣ ಹಿಡಿಸುವುದು, ಈರುಳ್ಳಿ ಮೂಸಿಸುವುದು ಮಾಡಬೇಡಿರಿ. ಆಗ ತಲೆಯ ಸಿ.ಟಿ. ಸ್ಕ್ಯಾನ್ ಬೇಕೆಂದರೆ ಒಪ್ಪಿಕೊಳ್ಳಿರಿ. ಹೊಟ್ಟೆಯ ಕೂಸಿಗೆ ತಗಲುವ ವಿಕಿರಣ ಅತ್ಯಲ್ಪ.

ಹಿರಿಯರಿಗೆ ಇನ್ನೊಂದು ಮಾತು. ಹೆರಿಗೆಯಾದ ಮೇಲೂ ಆರು ವಾರ ಎಚ್ಚರ ಬೇಕು. ಬಾಣಂತಿಯ ತಲೆನೋವನ್ನು "ಶೀತ, ಗಾಳಿ" ಎಂದು ತಳ್ಳಿಹಾಕಬೇಡಿರಿ. ನೀರು ಕುಡಿಯದಂತೆ ತಡೆಯಬೇಡಿರಿ. ನೀರಿಲ್ಲದೆ ರಕ್ತ ಗಟ್ಟಿಯಾದರೆ, ಮೊದಲು ಯಾವ ತೊಂದರೆಯೂ ಇಲ್ಲದವರ ಮೆದುಳಿನ ಅಭಿಧಮನಿಯಲ್ಲೂ ಹೆಪ್ಪುಗಟ್ಟಬಹುದು.

ಆ ತಾಯಿಗೆ ನಾನು ಹೇಳಿದೆ: "ಅಮ್ಮಾ, ಹೌದು, ಅಲ್ಲ ಎಂದು ನಾನು ಹೇಳುವ ಮಾತಲ್ಲ ಇದು. ಡಾಕ್ಟರ ಹತ್ತಿರ ಕರಕೊಂಡು ಹೋಗಿರಿ. ಅಲ್ಲಿ ನಿಮ್ಮ ಸೊಸೆಯೂ ಬಾಯಿಬಿಟ್ಟು ಮಾತಾಡಲಿ. ಹಡೆಯುವವಳು ಅವಳು."

ಆಗ ಸೊಸೆ ತಲೆ ಎತ್ತಿ ನೋಡಿದಳು. ನಿಮ್ಮಲ್ಲೂ ಯಾರಿಗಾದರೂ ಇಂಥ ಪ್ರಶ್ನೆ ಇದ್ದರೆ ಸಂಕೋಚವಿಲ್ಲದೆ ಕೇಳಿರಿ.