ದರ್ಶಿನಿ ಟೋಕನ್ನೂ ಡೇಟಾಫ್ಲೋ ಚಿಪ್ಪೂ

ಹೆಬ್ಬಾಳ ಫ್ಲೈಓವರ್ ಮೇಲೆ ಸಿಕ್ಕಿಹಾಕಿಕೊಂಡು ಇದನ್ನ ಕೇಳ್ತಿದ್ದೀರಾ? ಹಾಗಾದ್ರೆ ಇವತ್ತಿನ ವಿಷಯ ನಿಮಗೆ ಬೇಗ ಅರ್ಥ ಆಗುತ್ತೆ. ನಿಮ್ಮ ಫೋನಿನ ಪ್ರೊಸೆಸರ್ ಕೂಡ ಎಷ್ಟೋ ಹೊತ್ತು ಲೆಕ್ಕ ಮಾಡ್ತಿರಲ್ಲ, ಮೆಮೊರಿಯಿಂದ ಡೇಟಾ ಬರಲಿ ಅಂತ ಕಾಯ್ತಾ ಇರುತ್ತೆ.

ನಾನು ಆರ್.ಟಿ. ನಗರದವನು, ಚಿಪ್ ವೆರಿಫಿಕೇಶನ್ ಕೆಲಸ. ಮಾಮೂಲಿ ಪ್ರೊಸೆಸರ್ ಆದೇಶಗಳನ್ನು ಸಾಲಾಗಿ ಓದುತ್ತೆ. ಡೇಟಾಫ್ಲೋ ಯಂತ್ರದಲ್ಲಿ ಸಾಲೇ ಇಲ್ಲ. ದರ್ಶಿನಿ ನೋಡಿ: ದೋಸೆ ಬಂತು, ಚಟ್ನಿ ಬಂತು, ಪ್ಲೇಟ್ ಹೊರಟಿತು. ಬೇಕಾದ್ದೆಲ್ಲ ಬಂದ ಕ್ಷಣ ಕೆಲಸ ಶುರು. ತಮಾಷೆ ಅಂದ್ರೆ, ಇಲ್ಲಿ ಓಡಾಡೋ ಡೇಟಾಗೂ ಟೋಕನ್ ಅಂತಲೇ ಹೆಸರು.

ಐಡಿಯಾ ಹಳೇದು. 1970ರ ದಶಕದಲ್ಲೇ ಎಂಐಟಿಯಲ್ಲಿ ಜ್ಯಾಕ್ ಡೆನ್ನಿಸ್ ಇದರ ಮೇಲೆ ಕೆಲಸ ಮಾಡಿದ್ರು. ಆಮೇಲೆ ಐಐಟಿ ಕಾನ್ಪುರದಲ್ಲಿ ಓದಿದ್ದ ಅರವಿಂದ್ ಅವರ ತಂಡ ಅಲ್ಲೇ 'ಮಾನ್ಸೂನ್' ಅನ್ನೋ ಯಂತ್ರ ಕಟ್ಟಿತು. ಅರವಿಂದ್ 2024ರಲ್ಲಿ ತೀರಿಕೊಂಡರು. ಆ ಯಂತ್ರಗಳು ಮಾರುಕಟ್ಟೆಯಲ್ಲಿ ನಿಲ್ಲಲಿಲ್ಲ. ಒಂದೊಂದು ಕೂಡಿಸುವ ಲೆಕ್ಕಕ್ಕೂ ಟೋಕನ್‌ಗಳ ಜೋಡಿ ಹುಡುಕಬೇಕಿತ್ತು, ಆ ಹುಡುಕಾಟವೇ ದುಬಾರಿ.

ಇದಕ್ಕೊಂದು ದಾರಿ ಹುಡುಕಿದವರು ನಮ್ಮ ಯಶವಂತಪುರದ ಪಕ್ಕದಲ್ಲೇ ಇದ್ರು. ಟಾಟಾ ಇನ್‌ಸ್ಟಿಟ್ಯೂಟ್‌ನಲ್ಲಿ, ಅಂದ್ರೆ ಐಐಎಸ್‌ಸಿಯಲ್ಲಿ, ಪ್ರೊ. ಎಸ್.ಕೆ. ನಂದಿಯವರ ತಂಡ ಮಾಡಿದ 'ರಿಡಿಫೈನ್'. ಸಣ್ಣ ಲೆಕ್ಕಗಳನ್ನೆಲ್ಲ ಒಟ್ಟುಮಾಡಿ 'ಹೈಪರ್‌ಆಪ್' ಅನ್ನೋ ಗುಂಪು ಕಟ್ಟೋದು, ಇಡೀ ಗುಂಪಿಗೆ ಬೇಕಾದ ಡೇಟಾ ಬಂದಾಗ ಒಟ್ಟಿಗೆ ಓಡಿಸೋದು. ಲೆಕ್ಕದ ಘಟಕಗಳನ್ನ ಜೇನುಗೂಡಿನ ಹಾಗೆ ಜೋಡಿಸಿದ್ರು. 2009ರಲ್ಲಿ ಇದರ ಪ್ರಬಂಧ ಪ್ರಕಟವಾಯ್ತು. ಇದನ್ನೇ ಹಿಡಿದು 'ಮಾರ್ಫಿಂಗ್ ಮೆಷೀನ್ಸ್' ಅನ್ನೋ ಕಂಪನಿಯೂ ಹುಟ್ಟಿತು.

ಈಗ ಎಐ ಬಂದು ಡೇಟಾಫ್ಲೋಗೆ ಮತ್ತೆ ಜೀವ ಬಂದಿದೆ. 2017ರಲ್ಲಿ ಶುರುವಾದ ಅಮೆರಿಕದ ಸಾಂಬಾನೋವಾ ತನ್ನ ಚಿಪ್‌ನ ಹೆಸರಲ್ಲೇ ಡೇಟಾಫ್ಲೋ ಇಟ್ಟುಕೊಂಡಿದೆ. ನ್ಯೂರಲ್ ನೆಟ್‌ವರ್ಕ್‌ನಲ್ಲಿ ಯಾವ ಲೆಕ್ಕ ಎಲ್ಲಿಗೆ ಹೋಗಬೇಕು ಅನ್ನೋದು ಬಹುಪಾಲು ಮೊದಲೇ ಗೊತ್ತಿರುತ್ತಲ್ಲ, ಅದಕ್ಕೆ.

ಕಷ್ಟ ಇರೋದು ಕಂಪೈಲರ್‌ನಲ್ಲಿ. ಪ್ರೋಗ್ರಾಮ್ ತುಂಡು ಮಾಡಿ ಯಾವ ತುಂಡು ಯಾವ ಘಟಕಕ್ಕೆ ಅಂತ ಹಂಚೋದು ಅದೇ. ಅದು ದಡ್ಡ ಆದ್ರೆ ಚಿಪ್ ಎಷ್ಟೇ ಚೆನ್ನಾಗಿದ್ರೂ ಖಾಲಿ ಕೂರುತ್ತೆ. ನಮ್ಮೂರಲ್ಲಿ ವೆರಿಫಿಕೇಶನ್‌ಗೆ ಜನ ಸಿಗ್ತಾರೆ, ಇದಕ್ಕೆ ಸಿಗೋದು ಕಷ್ಟ.

ಹೋದ ವಾರ ನನಗೇ ಒಂದು ಸಣ್ಣ ತಂಡದಿಂದ ಕಂಪೈಲರ್ ಕೆಲಸಕ್ಕೆ ಕರೆ ಬಂತು. ಸಂಬಳ ಈಗಿನದಕ್ಕಿಂತ ಕಡಿಮೆ. "ಮನೆ ಇಎಂಐ ಯಾರೋ ಕಟ್ತಾರೆ?" ಅಂದ್ರು ಅಪ್ಪ. ತಪ್ಪೇನಿಲ್ಲ ಬಿಡಿ. ಸೋಮವಾರದೊಳಗೆ ಉತ್ತರ ಕೊಡಬೇಕು. ಕಾಲೇಜಿನಲ್ಲಿ ಪಾಸಾಗೋಕೆ ಮಾತ್ರ ಓದಿದ್ದ ಕಂಪೈಲರ್ ಪುಸ್ತಕವನ್ನ ಅಟ್ಟದಿಂದ ಇಳಿಸಿ ಇಟ್ಟುಕೊಂಡಿದ್ದೀನಿ.