ಸೆರೆಯೂರಿನ ಚಿತ್ರಶಾಲೆ



ವಿದ್ಯಾದಾನವು ದಾನಗಳಲ್ಲಿ ಶ್ರೇಷ್ಠವೆಂದು ಹಿರಿಯರು ಸಾರಿರುವರು. ಆದರೆ ನಾಳೆಯ ಬದುಕೇ ನಿಶ್ಚಯವಿಲ್ಲದ ಮಕ್ಕಳಿಗೆ ವಿದ್ಯೆಯಿಂದೇನು ಫಲವೆಂದು ಕೇಳುವವರುಂಟು. ಈ ಪ್ರಶ್ನೆಗೆ ಯುರೋಪ ಖಂಡದ ಓರ್ವ ಚಿತ್ರಗಾರ್ತಿಯು ತನ್ನ ನಡೆಯಿಂದಲೇ ಉತ್ತರವನ್ನಿತ್ತಿರುವಳು. ಆಕೆಯ ಹೆಸರು ಫ್ರೀಡ್ಲ್ ಡಿಕ್ಕರ್-ಬ್ರಾಂಡೈಸ್.

ಈಕೆಯು 1898ರಲ್ಲಿ ವಿಯೆನ್ನಾ ನಗರದ ಯಹೂದ್ಯ ಮನೆತನವೊಂದರಲ್ಲಿ ಜನಿಸಿದಳು. ಎಳವೆಯಲ್ಲಿಯೇ ತಾಯಿಯನ್ನು ಕಳೆದುಕೊಂಡಳು. ಯೋಹಾನೆಸ್ ಇಟ್ಟೆನ್ ಎಂಬ ಗುರುವಿನಲ್ಲಿ ಕಲಿತು, 1919ರಲ್ಲಿ ಆತನೊಡನೆ ಜರ್ಮನಿಯ ವೈಮಾರಿಗೆ ತೆರಳಿ, ಬೌಹೌಸ್ ಎಂಬ ಪ್ರಸಿದ್ಧ ಕಲಾಶಾಲೆಯನ್ನು ಸೇರಿದಳು. ಆ ಗುರುವು ಮೊದಲು ಉಸಿರನ್ನೂ ದೇಹದ ಚಲನೆಯನ್ನೂ ಹದಗೊಳಿಸಿ, ಬಳಿಕ ಗೆರೆಯೆಳೆಯಲು ಕಲಿಸುತ್ತಿದ್ದನು. ಈ ಕ್ರಮವೇ ಮುಂದೆ ಶಿಷ್ಯೆಯ ಬೋಧನೆಗೂ ಬುನಾದಿಯಾಯಿತು.

ನಾಜಿಗಳ ಹಾವಳಿಯು ಹೆಚ್ಚಲು, ಪಾಲಸ್ತೀನಕ್ಕೆ ಹೋಗುವ ಅನುಮತಿಯು ಈಕೆಗೆ ದೊರೆಯಿತು, ಪತಿಗೆ ದೊರೆಯಲಿಲ್ಲ. ಆತನನ್ನು ಬಿಟ್ಟು ಹೋಗಲು ಒಪ್ಪದೆ ಉಳಿದಳು. 1942ರ ಡಿಸೆಂಬರದಲ್ಲಿ ದಂಪತಿಗಳಿಬ್ಬರನ್ನೂ ಪ್ರಾಗ್ ನಗರದ ಉತ್ತರಕ್ಕಿರುವ ಟೆರೆಜೀನ್ ಎಂಬ ಕೋಟೆಯೂರಿಗೆ ಸಾಗಿಸಲಾಯಿತು. ನಾಜಿಗಳು ಆ ಊರನ್ನೇ ಯಹೂದ್ಯರ ಸೆರೆಮನೆಯನ್ನಾಗಿ ಮಾಡಿದ್ದರು. ಹಸಿವು, ರೋಗ, ಇಕ್ಕಟ್ಟುಗಳಲ್ಲಿ ಮಕ್ಕಳು ತಾಯಿತಂದೆಗಳಿಂದ ಬೇರ್ಪಟ್ಟು ವಾಸಿಸುತ್ತಿದ್ದರು. ಶಾಲೆ ನಡೆಯಿಸುವುದು ನಿಷಿದ್ಧವಾಗಿದ್ದಿತು.

ಅಂಥಲ್ಲಿ ಈಕೆಯು ಮಕ್ಕಳನ್ನು ಕೂಡಿಸಿ ಚಿತ್ರಾಭ್ಯಾಸವನ್ನಾರಂಭಿಸಿದಳು. ಕಾಗದವು ದುರ್ಲಭವಾಗಿರಲು, ಕಚೇರಿಯ ಹಳೆಯ ನಮೂನೆಗಳ ಹಿಂಬದಿ, ಸುತ್ತುವ ಕಾಗದದ ಚೂರುಗಳು ಇವೇ ಸಾಧನಗಳಾದವು. ಮಕ್ಕಳು ಹೂಕುಂಡ, ಚಿಟ್ಟೆ, ತಾವು ಬಿಟ್ಟುಬಂದ ಮನೆ ಮೊದಲಾದವುಗಳನ್ನು ಬರೆದರು. ಬಣ್ಣದ ಚೂರುಗಳನ್ನು ಅಂಟಿಸಿ ರೂಪಗಳನ್ನು ಕಟ್ಟಿದರು. ಹಿರಿಯರು ಅವಸರಪಟ್ಟು ಮಗುವನ್ನು ತಮ್ಮ ಅಚ್ಚಿನಲ್ಲಿ ಎರೆಯಬಾರದು, ಅದರ ಸ್ವಂತ ಕಾಣ್ಕೆಗೆ ಎಡೆಗೊಡಬೇಕು ಎಂಬುದು ಆಕೆಯ ಮತ. ಇದನ್ನೇ 1943ರಲ್ಲಿ ಸೆರೆಯೊಳಗಿನ ಶಿಕ್ಷಕರ ಮುಂದೆ ಉಪನ್ಯಾಸರೂಪವಾಗಿ ನಿರೂಪಿಸಿದಳು.

ಇಲ್ಲಿ ಒಂದು ಸಂಗತಿಯನ್ನು ವಿಶೇಷವಾಗಿ ಗಮನಿಸಬೇಕು. ಆ ಊರಿಗೆ ತಂದವರಿಗೆಲ್ಲ ಒಂದೊಂದು ಸಂಖ್ಯೆಯನ್ನಿಟ್ಟಿದ್ದರು. ಆದರೆ ಈ ಗುರುವು ಪ್ರತಿಯೊಂದು ಮಗುವಿನಿಂದಲೂ ಅದರ ಚಿತ್ರದ ಮೇಲೆ ಅದರ ಹೆಸರನ್ನೇ ಬರೆಯಿಸುತ್ತಿದ್ದಳು. ಮನುಷ್ಯನನ್ನು ಅಂಕೆಯಾಗಿಸಿದ ಅಧರ್ಮಕ್ಕೆ ಇದಕ್ಕಿಂತ ಸೌಮ್ಯವಾದ, ಇದಕ್ಕಿಂತ ದೃಢವಾದ ಪ್ರತ್ಯುತ್ತರವಾವುದು?

1944ರ ಸೆಪ್ಟೆಂಬರದಲ್ಲಿ ಪತಿಯನ್ನು ಆಶ್‌ವಿಟ್ಸಿಗೆ ಒಯ್ದರು. ಆತನ ಬೆನ್ನಹಿಂದೆಯೇ ಹೋಗಲು ಈಕೆಯು ತಾನಾಗಿ ಮುಂದಾದಳು. ಅಕ್ಟೋಬರ 6ರಂದು ಹೊರಟ ಬಂಡಿಯಲ್ಲಿ ಶಿಷ್ಯರಲ್ಲಿ ಹಲವರೂ ಇದ್ದರು. ಅಲ್ಲಿ ಈಕೆಯು ಹತಳಾದಳು. ಪತಿಯು ಬದುಕಿ ಉಳಿದನು. ಹೊರಡುವ ಮುನ್ನ ಮಕ್ಕಳ ಚಿತ್ರಗಳನ್ನು ಎರಡು ಪೆಟ್ಟಿಗೆಗಳಲ್ಲಿ ತುಂಬಿ ಅಡಗಿಸಿಡಲಾಗಿದ್ದಿತು. ಯುದ್ಧವು ಮುಗಿದ ಮೇಲೆ, 1945ರಲ್ಲಿ, ಅವು ಪ್ರಾಗ್ ನಗರವನ್ನು ಸೇರಿದವು. ಸುಮಾರು 4,500 ಚಿತ್ರಗಳು ಇಂದಿಗೂ ಅಲ್ಲಿಯ ಯಹೂದ್ಯ ವಸ್ತುಸಂಗ್ರಹಾಲಯದಲ್ಲಿರುವವು. ಅವನ್ನು ಬರೆದ ಮಕ್ಕಳಲ್ಲಿ ಹೆಚ್ಚಿನವರು ಬದುಕಲಿಲ್ಲ. ಆದರೆ ಹೆಸರುಗಳುಳಿದವು, ಆ ಹೆಸರಿನ ಬಳಿಯಲ್ಲಿ ಒಂದು ಹೂವೋ ಮನೆಯೋ ಉಳಿಯಿತು.

ಪ್ರಾಗಿನಲ್ಲಿ ಈಕೆಯ ಶಿಷ್ಯೆಯಾಗಿದ್ದ ಎಡಿತ್ ಕ್ರೇಮರ್ ಎಂಬವಳು ಅಮೇರಿಕೆಗೆ ಹೋಗಿ, ನೊಂದ ಮಕ್ಕಳ ಮನಸ್ಸನ್ನು ಚಿತ್ರಕಲೆಯಿಂದ ಸಂತೈಸುವ ಚಿಕಿತ್ಸಾಮಾರ್ಗವನ್ನು ಬೆಳೆಯಿಸಿದಳು. ಇಂತು ಗುರುವು ಅಳಿದರೂ ಬೋಧೆಯು ಅಳಿಯಲಿಲ್ಲ.

ಮಹಾಶಯರೇ, ಫಲವನ್ನು ಎಣಿಸಿ ಕಲಿಸಹೊರಟಿದ್ದರೆ ಆ ಸೆರೆಯಲ್ಲಿ ಒಂದು ಗೆರೆಯೂ ಮೂಡುತ್ತಿರಲಿಲ್ಲ. ಮಗುವು ಕುಳಿತು ಬರೆವ ಆ ಒಂದು ಗಳಿಗೆಯಲ್ಲಿಯೇ ವಿದ್ಯೆಯು ಸಾರ್ಥಕವಾಗುವುದು. ನಿಮ್ಮ ಮನೆಯ ಕೂಸು ಹಲಗೆಯ ಮೇಲೆ ಗೀಚಿದ ಸೊಟ್ಟ ಗೆರೆಯನ್ನು ಒರೆಸುವ ಮೊದಲು, ಅದೇನೆಂದು ಒಮ್ಮೆ ಅಕ್ಕರೆಯಿಂದ ಕೇಳಿರಿ.