ಹತ್ತು ಪದಕಗಳ ಹೆನ್ರಿ ಶೆಫ್ಲಿನ್

ಐರ್ಲೆಂಡಿನ ಹರ್ಲಿಂಗ್ ನಮ್ಮ ಹಾಕಿಯನ್ನು ನೆನಪಿಗೆ ತರುವ ಆಟ. ತಂಡಕ್ಕೆ 15 ಮಂದಿ, ಕೈಯಲ್ಲಿ ಮರದ ಕೋಲು. ಚೆಂಡು ಮಾತ್ರ ಹೆಚ್ಚಾಗಿ ಗಾಳಿಯಲ್ಲೇ ಹಾರುತ್ತದೆ.

ಈ ಆಟದಲ್ಲಿ ಕಿಲ್ಕೆನ್ನಿ ಕೌಂಟಿಯ ಹೆನ್ರಿ ಶೆಫ್ಲಿನ್ 2000ದಿಂದ 2014ರವರೆಗೆ 10 ಬಾರಿ ಅಖಿಲ ಐರ್ಲೆಂಡ್ ಪದಕ ಗೆದ್ದವರು. 2007ರಲ್ಲೊಮ್ಮೆ, 2010ರಲ್ಲೊಮ್ಮೆ ಅವರ ಮೊಣಕಾಲಿನ ಅಸ್ಥಿರಜ್ಜು ಹರಿಯಿತು. ಎರಡು ಸಲವೂ ಚೇತರಿಸಿಕೊಂಡು ಮತ್ತೆ ಮೈದಾನಕ್ಕಿಳಿದರು. 2012ರಲ್ಲಿ ಮೂರನೆಯ ಬಾರಿಗೆ ವರ್ಷದ ಆಟಗಾರ ಎನಿಸಿದರು.

ಇಷ್ಟೆಲ್ಲ ಹಣಕ್ಕಾಗಿ ಎಂದುಕೊಂಡಿರಾ? ಅಲ್ಲ. ಹರ್ಲಿಂಗ್ ಆಟಗಾರರಿಗೆ ಸಂಬಳವೇ ಇಲ್ಲ. ಶೆಫ್ಲಿನ್ ಬ್ಯಾಂಕಿನಲ್ಲಿ ನೌಕರಿ ಮಾಡುತ್ತಲೇ ಆಡಿದರು. 2015ರ ಮಾರ್ಚ್‌ನಲ್ಲಿ ತಮ್ಮೂರು ಬ್ಯಾಲಿಹೇಲ್‌ನ ಕ್ಲಬ್ಬಿನ ಪರವಾಗಿ ಅಖಿಲ ಐರ್ಲೆಂಡ್ ಕ್ಲಬ್ ಪ್ರಶಸ್ತಿ ಗೆದ್ದು, ಅದೇ ತಿಂಗಳು ಕೌಂಟಿ ತಂಡಕ್ಕೆ ವಿದಾಯ ಹೇಳಿದರು. ಗಳಿಕೆಯಿಲ್ಲದ ಆಟಕ್ಕೆ ಒಬ್ಬ ಮನುಷ್ಯ ತನ್ನ ಯೌವನವನ್ನೇ ಕೊಟ್ಟನೆಂದರೆ, ಅದರ ಹಿಂದೆ ಊರಿನ ಅಭಿಮಾನವಿದೆ.